ಟೈಲರಕ್ಕನ ಬಿರುಸು ನಡಿಗೆ

ಟೈಲರಕ್ಕನ ಅಮ್ಮನನ್ನೂ ಚಿಕ್ಕಮ್ಮನನ್ನೂ ಸ್ತನದ ಕ್ಯಾನ್ಸರ್ ಕೊಂಡೊಯ್ದಿತ್ತು. ಅದನ್ನು ತರುವ ದೋಷ ಅವಳ ವಂಶವಾಹಿಯಲ್ಲೂ ಇದೆಯೆಂದು ರಕ್ತಪರೀಕ್ಷೆ ಹೇಳಿತು.

"ತಪಾಸಣೆ ಮಾತ್ರ ತಪ್ಪಿಸಬೇಡಿ," ಎಂದರು ಡಾಕ್ಟರಮ್ಮ. "ಜೊತೆಗೆ ದಿನಾ ಮೈ ಬೆವರೋ ಹಾಗೆ ನಡೀರಿ. ಅಪಾಯ ಪೂರ್ತಿ ಹೋಗಲ್ಲ, ಕಮ್ಮಿಯಾಗಬಹುದು."

ಹಗಲೆಲ್ಲ ಹೊಲಿಗೆ ಯಂತ್ರಕ್ಕೇ ಹೊಲಿದುಕೊಂಡಂತೆ ಕೂರುವವಳು ಮರುದಿನ ಬೆಳಿಗ್ಗೆ ಚೀಲದಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಹೊರಟಳು. ಗಂಡನಿಗೆ ಸಂಜೆ ಸಮಾಧಾನವಾಗಿ ಹೇಳಿದರಾಯಿತು. ಬೀದಿಯವರಿಗಂತೂ ಹೇಳುವುದೇ ಬೇಡ. ಬದುಕಿರುವಾಗಲೇ ಸಂತಾಪ ಸೂಚಿಸುವ ಜನ!

ತಿರುವಿನಲ್ಲಿ ಔಷಧಿ ಅಂಗಡಿಯವರ ಸ್ಕೂಟರ್ ಗಕ್ಕನೆ ನಿಂತಿತು.

"ಇಷ್ಟು ಅವಸರವಾಗಿ ಎಲ್ಲಿಗಮ್ಮಾ? ಹತ್ತಿ, ಬಿಡ್ತೀನಿ."

"ಎಲ್ಲಿಗೂ ಇಲ್ಲ. ಸುಮ್ನೆ ನಡೀತಿದೀನಿ."

"ಸುಮ್ನೆ ಯಾರಾದ್ರೂ ಹೀಗೆ ಓಡ್ತಾರಾ? ಸಂಕೋಚ ಬೇಡ, ಹತ್ತಿ!"

ಅವಳು ಬಿರುಸಾದಳು. ಸ್ಕೂಟರ್ ಹಸುವಿನ ಹಿಂದಿನ ಕರುವಿನಂತೆ ಬೆನ್ನು ಹತ್ತಿತು. ಬಾಲ್ಕನಿಯಿಂದ ಇದನ್ನು ಕಂಡ ಮಹಡಿಮನೆ ಅಜ್ಜಿಗೆ ಎಲ್ಲವೂ ಅರ್ಥವಾಗಿಹೋಯಿತು. ಕೂಡಲೇ ಟೈಲರಕ್ಕನ ಗಂಡನಿಗೆ ಫೋನು ಮಾಡಿದರು: "ನಿನ್ನ ಹೆಂಡ್ತಿ ಚೀಲ ತಗೊಂಡು ಮನೆ ಬಿಟ್ಟು ಹೋಗ್ತಿದಾಳೆ ಕಣೋ! ಔಷಧಿ ಅಂಗಡಿಯವರು ತಡೀತಿದಾರೆ, ನಿಲ್ತಿಲ್ಲ!"

ಅರ್ಧ ಮುಖಕ್ಕೆ ಸೋಪಿನ ನೊರೆ ಹೊತ್ತು ಗಂಡ ಓಡಿಬಂದ. "ನಾನೇನು ಮಾಡ್ದೆ? ನಿನ್ನೆ ಅಡುಗೆಗೆ ಉಪ್ಪಿಲ್ಲ ಅಂದಿದ್ದಕ್ಕಾ?"

ಅಷ್ಟರಲ್ಲಿ ಬೀದಿಯೇ ನೆರೆದಿತ್ತು. ಟೈಲರಕ್ಕನ ತಾಳ್ಮೆಯ ದಾರ ಪಟ್ಟನೆ ಕಿತ್ತುಹೋಯಿತು.

"ಅಮ್ಮನಿಗೆ ಬಂದಿದ್ದು ನನಗೂ ಬರಬಹುದಂತೆ! ಬರದೇ ಇರಲಿ ಅಂತ ನಡೀತಿದೀನಿ! ನಡೆಯೋಕೂ ಬಿಡಲ್ವಾ ನೀವು?"

ಗಂಡನ ಗಲ್ಲದ ನೊರೆಯ ಮೇಲೆ ಕಣ್ಣೀರು ಗೆರೆ ಎಳೆಯಿತು. "ನನಗೆ ಒಂದು ಮಾತು ಹೇಳಬಾರದಿತ್ತಾ?" ಎಂದ ಮೆಲ್ಲಗೆ. ಅಜ್ಜಿ ಎಲ್ಲಿಂದಲೋ ಕುರ್ಚಿ ತರಿಸಿ, ಅವಳನ್ನು ನಡುರಸ್ತೆಯಲ್ಲೇ ಕೂರಿಸಿದರು.

"ನನಗೆ ಕಾಯಿಲೆ ಇಲ್ಲ ಅಜ್ಜಿ!"

"ಇಲ್ಲ ಮಗಳೇ, ಇಲ್ಲ," ಎಂದು ಅಜ್ಜಿ ಸೆರಗಿನಿಂದ ಗಾಳಿ ಬೀಸಿದರು.

"ನಡಿಗೆಯಿಂದ ಅಷ್ಟು ಉಪಯೋಗ ಇದೆ ಅಂದ್ರೆ ನಾವೂ ಯಾಕೆ ನಡೀಬಾರದು?" ಎಂದು ಔಷಧಿ ಅಂಗಡಿಯವರು ಹೊಟ್ಟೆ ಸವರಿಕೊಂಡರು. ಮಿಕ್ಕವರು ತಂತಮ್ಮ ಹೊಟ್ಟೆ ನೋಡಿಕೊಂಡರು. ಬೆಳಗಿನ ನಡಿಗೆ ಅಲ್ಲಿಗೇ ಮುಗಿಯಿತು.

ಸಂಜೆ ಬಾಗಿಲು ಬಡಿದ ಸದ್ದು. ತೆರೆದರೆ, ಬೂಟು ಹಾಕಿಕೊಂಡು ಇಡೀ ಬೀದಿ ನಿಂತಿದೆ! ಇಂಥವರನ್ನು ಬೈದೆನಲ್ಲ! ಟೈಲರಕ್ಕ ಓಡಿಹೋಗಿ ಬೂಟಿಗೆ ಕಾಲು ತೂರಿಸಿದಳು.

"ನೀನೆಲ್ಲಿಗೆ?" ಅಜ್ಜಿ ಗದರಿದರು. "ನೀನು ದಣಿಯೋ ಹಾಗಿಲ್ಲ. ಕೂತ್ಕೋ."

ಅಜ್ಜಿಯ ಮೊಮ್ಮಗು ಅವಳ ಮಡಿಲೇರಿತು. ಔಷಧಿ ಅಂಗಡಿಯವರ ನಾಯಿ ಕುರ್ಚಿಯ ಕಾಲಿಗೆ ಕಟ್ಟಿಸಿಕೊಂಡಿತು. ಬೀದಿಯ ಮನೆಗಳ ಬೀಗದ ಕೈಗಳೆಲ್ಲ ಹೊಲಿಗೆ ಯಂತ್ರದ ಮೇಲೆ ರಾಶಿ ಬಿದ್ದವು.

"ರೀ, ನೀವಾದ್ರೂ ಹೇಳ್ರೀ!" ಎಂದು ಕೂಗಿದಳು.

ಕೊನೆಯ ಸಾಲಿನಲ್ಲಿದ್ದ ಗಂಡ ಪ್ರೀತಿಯಿಂದ ತಿರುಗಿ ನೋಡಿದ.

"ನೀನು ಆರಾಮಾಗಿ ಕೂತಿರು. ನಿನ್ನ ಪಾಲಿಂದೂ ಸೇರಿಸಿ ನಾನೇ ನಡೆದು ಬರ್ತೀನಿ."