ಪೊಟ್ಟಣಕ್ಕೆ ಹೋದ ಕವಿ

ಪದ್ಯ ಬರೆದವರಿಗಿಂತ ಅದಕ್ಕೆ ಅರ್ಥ ಬರೆದವರನ್ನು ಕಂಡರೆ ನನಗೆ ಭಯ ಹೆಚ್ಚು. ಕವಿ ಹೇಗೂ ತೀರಿಕೊಂಡಿರುತ್ತಾನೆ, ಅವನಿಂದ ಏನೂ ತೊಂದರೆಯಿಲ್ಲ ಎಂದು ಮೊದಲೆಲ್ಲ ತಿಳಿದಿದ್ದೆ. ಈಗ ಅಷ್ಟು ಧೈರ್ಯವಾಗಿ ಹೇಳಲಾರೆ. ಪರೀಕ್ಷೆಗೆ ಕೂರುವ ಮಕ್ಕಳು ನೋಟ್ಸು ಎಂದು ಕರೆಯುವ ತೆಳ್ಳನೆಯ ಪುಸ್ತಕವನ್ನು ನೀವು ನೋಡಿರುತ್ತೀರಿ. ಮೊದಲು ಕವಿಯ ದೇಶ, ಕಾಲ, ಜೀವನ. ಆಮೇಲೆ ಪದ್ಯದ ಸಾರಾಂಶ. ಕೊನೆಗೆ ಬರಬಹುದಾದ ಪ್ರಶ್ನೆಗಳು. ನಾಲ್ಕನೇ ತರಗತಿಗೆ ಓದು ಬಿಟ್ಟ ನನಗೆ ಪದ್ಯವಾದರೂ ಅರ್ಧ ತಿಳಿಯುತ್ತದೆ, ಸಾರಾಂಶ ಸ್ವಲ್ಪವೂ ತಿಳಿಯುವುದಿಲ್ಲ. ಹೊತ್ತು ಮುಳುಗಿತು ಎಂದು ಕವಿ ಒಂದು ಸಾಲಿನಲ್ಲಿ ಹೇಳಿದ್ದನ್ನು ನೋಟ್ಸಿನವನು ಅರ್ಧ ಪುಟ ವಿವರಿಸಿ, ಹೊತ್ತು ನಿಜವಾಗಿ ಮುಳುಗಿತೋ ಇಲ್ಲವೋ ಎಂಬ ಅನುಮಾನ ಹುಟ್ಟಿಸಿಬಿಟ್ಟಿರುತ್ತಾನೆ. ಅಂಥ ಒಂದು ಪುಸ್ತಕ ನನ್ನ ಕೈಗೆ ಸಿಕ್ಕಿ ಹಾಳಾಯಿತು. ಹಾಳಾದದ್ದು ಪುಸ್ತಕ ಮಾತ್ರವೇ ಆಗಿದ್ದರೆ ನಾನು ಇದನ್ನು ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲ.

ಬಡವನಹಳ್ಳಿಯಲ್ಲಿ ನನ್ನದು ಚಿಲ್ಲರೆ ಅಂಗಡಿ. ನನ್ನ ತಂಗಿ ಗೌರಿ ಎಲ್.ಎಸ್., ಅಂದರೆ ಲೋಯರ್ ಸೆಕೆಂಡರಿ, ಪರೀಕ್ಷೆಗೆ ಕಟ್ಟಿದ್ದಳು. ಅವಳು ಪಾಸಾಗುವುದರ ಮೇಲೆ ಅವಳ ಬದುಕೇ ನಿಂತಿತ್ತು. "ಈ ಸಲ ಪಾಸಾದ್ರೆ ಮೇಷ್ಟ್ರಮ್ಮ ಆಗ್ಲಿ, ನಾನ್ ಬ್ಯಾಡ ಅನ್ನಾಕಿಲ್ಲ. ಫೇಲಾದ್ರೆ ಸಿರಾದೋರ್ಗೆ ಮಾತು ಕೊಟ್ಬುಡ್ತೀನಿ ಕಣ್ಲಾ," ಎಂದು ಅಪ್ಪ ನನ್ನ ಮುಂದೆ ಹೇಳಿದ್ದರು. ಸಿರಾದವರೆಂದರೆ ಹೆಂಡತಿ ಸತ್ತ ಒಬ್ಬ ಮಂಡಿ ಸಾಹುಕಾರರು. ಅವರ ಹಿರಿಯ ಮಗಳು ಗೌರಿಗಿಂತ ದೊಡ್ಡವಳು. ಪರೀಕ್ಷೆ ಹತ್ತಿರ ಬಂದಾಗಲೇ ಗೌರಿಗೆ ಕಣ್ಣುಬೇನೆ ಬಂತು. ಮಧುಗಿರಿ ಆಸ್ಪತ್ರೆಯ ಡಾಕ್ಟರು ಔಷಧಿ ಹಾಕಿ ಎರಡು ಕಣ್ಣಿಗೂ ಬಟ್ಟೆ ಕಟ್ಟಿ, ತಾವು ಹೇಳುವ ತನಕ ಬಿಚ್ಚಕೂಡದೆಂದರು. ಅಲ್ಲಿಯವರೆಗೆ ಯಾರಾದರೂ ಓದಿ ಹೇಳಬೇಕು. ಮನೆಯಲ್ಲಿ ಅಕ್ಷರ ಬಲ್ಲ ಇನ್ನೊಬ್ಬ ಎಂದರೆ ನಾನೇ. ಹೀಗೆ ನಾನು ವಿದ್ವಾಂಸನಾದೆ.

ನೋಟ್ಸಿನ ಹೊಲಿಗೆ ಬಿಟ್ಟುಹೋಗಿತ್ತು. ಹೊಲಿದು ಕೊಡು ಎಂದು ಗೌರಿ ಕೊಟ್ಟದ್ದನ್ನು ನಾನು ತಕ್ಕಡಿಯ ಪಕ್ಕದಲ್ಲಿ ಇಟ್ಟುಕೊಂಡೆ. ಯುದ್ಧ ಶುರುವಾದ ಮೇಲೆ ಕಾಗದಕ್ಕೆ ಎಂಥ ಬರ ಎಂಬುದು ಅಂಗಡಿಯವರಿಗೆ ಗೊತ್ತು. ಸಂತೆಯ ದಿನ ಜನ ಮೇಲೆ ಬಿದ್ದು ಕೇಳುವಾಗ ಕಣ್ಣು ತಕ್ಕಡಿಯ ಮುಳ್ಳಿನ ಮೇಲಿರುತ್ತದೆ, ಕೈ ತನ್ನಷ್ಟಕ್ಕೆ ಕಾಗದ ಎಳೆದು ಪೊಟ್ಟಣ ಕಟ್ಟುತ್ತಿರುತ್ತದೆ. ಜನ ಕರಗಿದ ಮೇಲೆ ನೋಡುತ್ತೇನೆ, ಕವಿಯ ಜೀವನ ಪೂರ್ತಿ ಮಾರಾಟವಾಗಿದೆ. ಜನನ ಮೆಣಸಿನ ಜೊತೆ ಹೋಗಿತ್ತು, ವಿದ್ಯಾಭ್ಯಾಸ ಸಾಸಿವೆಯ ಜೊತೆ. ಓಡಿಹೋಗಿ ವಿಚಾರಿಸಿದೆ. ಮರಣ ಮೆಂತ್ಯದೊಂದಿಗೆ ಪಟೇಲರ ಮನೆ ಸೇರಿತ್ತು. ಪಟೇಲರ ಹೆಂಡತಿ ಅದನ್ನು ಆಗಲೇ ಒಲೆಗೆ ಹಾಕಿದ್ದರು. ಆ ಕವಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅವನಿಗೆ ನಾನು ಮಾಡಿದ್ದೇ ಸಾಕು.

ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಹಾಗಾಗಿ ನಮ್ಮ ಪಾಠವೆಲ್ಲ ಮಟಮಟ ಮಧ್ಯಾಹ್ನ. ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಗೌರಿ ಕಂಬಕ್ಕೆ ಒರಗಿ, ಕಣ್ಣಿಗೆ ಬಿಳಿಯ ಬಟ್ಟೆ ಕಟ್ಟಿಕೊಂಡು, ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. "ಸಾರಾಂಶ ಆಮೇಕೆ ಓದೀವಂತೆ, ಮೊದ್ಲು ಕವಿ ಜೀವನ ಓದಣ್ಣ. ಆ ಪ್ರಶ್ನೆ ಬಂದೇ ಬತ್ತದೆ," ಎಂದಳು. ನಿಜ ಹೇಳಲು ಬಾಯಿ ತೆರೆದೆ. ಎದುರಿಗೆ ನಿಡುಗಲ್ಲಿನಿಂದ ಬಂದ ಹುಣಸೆಯ ಮೂಟೆ ಇತ್ತು. "ಈ ಕವಿಯು ನಿಡುಗಲ್ಲಿನಲ್ಲಿ ಜನಿಸಿದನು," ಎಂದು ನನ್ನ ಬಾಯಿ ಓದಿತು.

ಆಮೇಲಿನದನ್ನು ನಾನು ಕಟ್ಟಿದೆ ಎಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಕಟ್ಟುವುದಕ್ಕೆ ಕಷ್ಟಪಡಬೇಕು, ನಾನು ಪಡಲಿಲ್ಲ. ಮಾತು ತಾನಾಗಿ ಬರುತ್ತಿತ್ತು, ಅದೂ ನನಗೆ ಬಾರದ ಪುಸ್ತಕದ ಕನ್ನಡದಲ್ಲಿ. ಕವಿ ಗುಡ್ಡದ ಮೇಲಿನ ಒಂದು ಬಂಡೆಯ ಮೇಲೆ ಕೂತು ಪದ್ಯ ಹೇಳುತ್ತಿದ್ದ. ಮುಪ್ಪಿನಲ್ಲಿ ಅವನಿಗೆ ದೃಷ್ಟಿ ಹೋಯಿತು. ಅವನ ಅಣ್ಣನೊಬ್ಬ ಜೊತೆಯಲ್ಲಿದ್ದು, ಕವಿ ಹೇಳಿದ್ದನ್ನು ಓಲೆಗೆ ಇಳಿಸುತ್ತಿದ್ದ. ಇಷ್ಟಕ್ಕೆ ನಾನು ಬೆವೆತು ನಿಲ್ಲಿಸಿದೆ.

ಅಷ್ಟರಲ್ಲಿ ಬಾಗಿಲ ಬಳಿ ಯಾರೋ ಲೊಚಗುಟ್ಟಿದರು. ನಿಡುಗಲ್ಲಿನಿಂದ ಹುಣಸೆ ತರುವ ಹನುಮಕ್ಕಜ್ಜಿ. ಆ ಕಡೆಯವರ ಮಾತು ತೆಲುಗು ಕನ್ನಡ ಎರಡೂ ಕಲೆತದ್ದು.

"ಗುಡ್ಡಿ ಸಾಮಿ ಕಥ ಅಲ್ವೇನಪ್ಪಾ ನೀ ಓದ್ತಿರಾದು?" ಎಂದಳು. ಗುಡ್ಡಿ ಎಂದರೆ ತೆಲುಗಿನಲ್ಲಿ ಕುರುಡ. "ಆಯಪ್ಪನ ಬಂಡೆ ನಮ್ಮೂರ ಗುಡ್ಡದ್ ಮ್ಯಾಲೇ ಐತಲ್ಲ ನಾಯ್ನಾ!"

"ಯಾವ ಸಾಮಿನೂ ಅಲ್ಲ ಕಣಜ್ಜಿ. ಇದು ಪುಸ್ತಕ," ಎಂದೆ.

"ಅಯ್ಯೋ ರಾಮ, ಪುಸ್ತಕದಾಗೂ ಬಂದ್ಬುಡ್ತಾ!" ಎಂದು ಅಜ್ಜಿ ನನ್ನ ಕೈಯಲ್ಲಿದ್ದ ಹರಕು ಹಾಳೆಗಳಿಗೆ ಕೈಮುಗಿದಳು. ಗೌರಿ ಬಟ್ಟೆ ಕಟ್ಟಿದ ಮುಖವನ್ನು ನನ್ನ ಕಡೆ ತಿರುಗಿಸಿ, "ನೋಡ್ದಾ ಅಣ್ಣ, ನೋಟ್ಸ್ನಾಗೆ ಸುಳ್ಳು ಬರೆಯಾಕಿಲ್ಲ," ಎಂದಳು.

ಹುಣಸೆ ವ್ಯಾಪಾರದ ನೆಪ ಮಾಡಿಕೊಂಡು ನಿಡುಗಲ್ಲಿಗೆ ಹೋದೆ. ಅಜ್ಜಿಯದು ಸುಳ್ಳೆಂದು ಕಣ್ಣಾರೆ ನೋಡಿಕೊಂಡು ಬಂದರೆ ನೆಮ್ಮದಿ ಎಂಬ ಆಸೆ. ಅಜ್ಜಿಯನ್ನು ಕರೆದುಕೊಂಡು ಗುಡ್ಡ ಹತ್ತಿದಾಗ ನೆತ್ತಿಯ ಮೇಲೆ ಬಿಸಿಲು. ಸೀತಾಫಲದ ಗಿಡಗಳಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅಲ್ಲಿನ ಹಳೆಯ ಕೋಟೆಯ ಗೋಡೆಯ ಮೇಲೊಂದು ಉಡ ತಲೆ ಎತ್ತಿ ನನ್ನನ್ನೇ ನೋಡುತ್ತಿತ್ತು. ಅಜ್ಜಿ ತೋರಿಸಿದ ಕಡೆ ಬಂಡೆ ಇತ್ತು. ನಾನು ಓದಿದಂತೆಯೇ ಇತ್ತು. ಅದರ ಮೇಲೆ ಒಬ್ಬ ಮನುಷ್ಯ ಕೂತು ಸವೆದಂಥ ಒಂದು ತಗ್ಗು. ಅದರ ಪಕ್ಕದಲ್ಲಿ, ಸ್ವಲ್ಪ ಕೆಳಗೆ, ಇನ್ನೊಂದು ತಗ್ಗು.

"ಇದ್ಯಾರ್ದಜ್ಜಿ?"

"ಅವರಣ್ಣಂದು. ಆಯಪ್ಪ ಬರೀತಿದ್ನಲ್ಲ," ಎಂದಳು ಅಜ್ಜಿ, ಪಕ್ಕದ ಮನೆಯವರ ಸುದ್ದಿ ಹೇಳುವಂತೆ. "ಅವ್ನು ಬಲೇ ಮೋಸಗಾರ ನಾಯ್ನಾ. ಕಣ್ಣಿಲ್ಲದ ತಮ್ಮ ಹೇಳಿದ್ದೊಂದು, ಇವ್ನು ಬರ್ದಿದ್ದೊಂದು. ಆಮೇಕೆ ಹೇಳ್ಕಳಾನ ಅಂದ್ರೆ ಬಾಯೇ ಬರ್ಲಿಲ್ಲ. ಸತ್ತರೂ ಇಲ್ಲೇ ಕುಂತವ್ನೆ. ಮಧ್ಯಾನದೊತ್ತು ಬಂಡೆಗೆ ಕಿವಿ ಮಡಗಿದ್ರೆ ಬಾಯಿ ತೆಗೆಯಾದು ಕೇಳ್ತದೆ."

ಈ ಮೋಸದ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ನನ್ನ ಕತೆ ಅಲ್ಲಿಯವರೆಗೆ ಹೋಗಿಯೇ ಇರಲಿಲ್ಲ. ಬುದ್ಧಿ ಇದ್ದವನು ಅಲ್ಲಿಂದ ಹೊರಟುಬಿಡುತ್ತಿದ್ದ. ನಾನು ರುಮಾಲು ತೆಗೆದು ಕಿವಿ ಇಟ್ಟೆ. ಬಂಡೆ ಸುಡುತ್ತಿತ್ತು. ಒಳಗೆ ಯಾರೋ ಗಂಟಲು ಸರಿಮಾಡಿಕೊಂಡರು. ನಾನು ಓದಲು ಶುರುಮಾಡುವ ಮುಂಚೆ ಹಾಗೆ ಎರಡು ಸಲ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತೇನೆ. ಅಲ್ಲಿಯೂ ಎರಡು ಸಲ ಕೇಳಿತು. ಆಮೇಲೆ ಮಾತಿಲ್ಲ. ಹುಣಸೆ ಕೊಳ್ಳದೆ ಊರಿಗೆ ಬಂದೆ. ಕಿವಿ ಮಾತ್ರ ಬೊಬ್ಬೆ ಎದ್ದಿತ್ತು. ಅಪ್ಪ ಅದನ್ನು ನೋಡಿ, "ಕಿವಿ ಯಾಕ್ಲಾ ಸುಟ್ಕಂಡೆ, ವ್ಯಾಪಾರಕ್ ಹೋಗಿದ್ದಾ, ಸೌದೆ ಒಲೆ ಊದಕ್ ಹೋಗಿದ್ದಾ?" ಎಂದರು.

ಮನೆಗೆ ಬಂದವನೇ ಎಲ್ಲವನ್ನೂ ಗೌರಿಗೆ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿದ್ದೆ. ಆ ವೇಳೆಗೆ ಕಣ್ಣಿನ ಬಟ್ಟೆ ಬಿಚ್ಚಿದ್ದರು. ಕೆಂಪಗಿನ ಕಣ್ಣುಗಳನ್ನು ಪಿಳುಕಿಸುತ್ತ, ನಾನು ಹೇಳಿದ ಕವಿಯ ಜೀವನವನ್ನು ಒಂದಕ್ಷರ ಬಿಡದೆ ಅವಳು ಒಪ್ಪಿಸುತ್ತಿದ್ದಳು. ನಾನು ಬಾಯಿ ತೆರೆದೆ. ಮಾತು ಬರಲಿಲ್ಲ. "ಏನಣ್ಣ?" ಎಂದಳು. "ಉಪ್ಪು ಎಲ್ಲಿಟ್ಟಿದ್ದೀಯ?" ಎಂದೆ, ಉಪ್ಪು ಮಾರುವ ನಾನು. ನೋಟ್ಸು ಕೇಳಿದಾಗ, ಗೆದ್ದಲು ತಿಂದಿತು ಎಂದೆ. ಅದು ಮಾತ್ರ ಸರಾಗವಾಗಿ ಬಂತು. ಪರೀಕ್ಷೆಯ ದಿನ ಮಧುಗಿರಿಗೆ ಗಾಡಿ ಹೊಡೆದುಕೊಂಡು ಹೋಗುವಾಗಲೂ ದಾರಿಯಲ್ಲಿ ಮತ್ತೆ ಮತ್ತೆ ಬಾಯಿ ತೆರೆದೆ. ಆಕಳಿಸುತ್ತಿದ್ದೇನೆಂದು ತಿಳಿದು ಗೌರಿಯೇ ಹಗ್ಗ ಹಿಡಿದಳು. ಪರೀಕ್ಷೆ ಮುಗಿಸಿ ಓಡಿಬಂದು, "ಕವಿ ಜೀವನ ಬಂದಿತ್ತಣ್ಣ! ಹೆಚ್ಚಿಗೆ ಹಾಳೆ ಈಸ್ಕಂಡು ಬರ್ದೆ," ಎಂದಾಗ ನನಗೆ ಕಂಡದ್ದು ಸಿರಾದ ಸಾಹುಕಾರರ ಬೋಳುತಲೆ.

ಆದರೆ ಗೌರಿ ಪಾಸಾದಳು. ಪೇಪರು ತಿದ್ದಿದ ಪುಣ್ಯಾತ್ಮರು ಅದನ್ನು ಓದಲಿಲ್ಲವೋ, ಇಲ್ಲ ಅವರೂ ನಿಡುಗಲ್ಲಿನ ಕಡೆಯವರೋ, ನನಗೆ ತಿಳಿಯದು. ಸಿರಾದವರು ಬೇರೆ ಹೆಣ್ಣು ನೋಡಿಕೊಂಡರು. ಗೌರಿ ಈಗ ಕೊರಟಗೆರೆಯ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಮೇಷ್ಟ್ರಮ್ಮ. ಅದೇ ಕವಿಯ ಪಾಠವನ್ನು ಈಗ ಅವಳೇ ಮಾಡುತ್ತಾಳೆ.

ಮೊನ್ನೆ ರಜಕ್ಕೆ ಬಂದಾಗ, ಏನಾದರೂ ಆಗಲಿ ಎಂದು ಎಲ್ಲವನ್ನೂ ಹೇಳಿಬಿಟ್ಟೆ. ಮೆಣಸು, ಸಾಸಿವೆ, ಪಟೇಲರ ಒಲೆ, ಯಾವುದನ್ನೂ ಬಿಡಲಿಲ್ಲ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನೀನು ಕಟ್ಟಿದ್ದಾ? ಅಂಗಡಿ ಬೋರ್ಡಲ್ಲಿ ನಿನ್ನ ಹೆಸರು ಬರೆಯಕ್ಕೆ ನನ್ನ ಕರೆದೋನು ನೀನು! ಹೋಗಣ್ಣ, ತಮಾಷೆ ಮಾಡ್ಬ್ಯಾಡ."

"ದೇವ್ರಾಣೆ ಕಣೇ ಗೌರಿ."

"ಹಂಗಾರೆ ಕವಿಯ ಅಣ್ಣ ಓಲೆ ತಪ್ಪು ಬರ್ದಿದ್ದು? ಅದು ತಮ್ಮನಿಗೆ ಮೊದಲಿಂದ್ಲೂ ಗೊತ್ತಿದ್ದು, ಕ್ಷಮಿಸಿ ಸುಮ್ಕಿದ್ದಿದ್ದು? ಅದೂ ನೀನೇ ಕಟ್ಟಿದ್ದಾ?"

"ಅದನ್ನ ನಿನಗ್ಯಾರು ಹೇಳಿದ್ರು?"

"ಇನ್ಯಾರು, ನೀನೇ ಓದಿ ಹೇಳಿದ್ದಲ್ವಾ," ಎಂದಳು ಗೌರಿ, ನಗು ನಿಲ್ಲಿಸಿ ನನ್ನನ್ನೇ ನೋಡುತ್ತ. "ಕೊನೇ ಪ್ಯಾರಾ ಅದೇ. ಮರ್ತಿದ್ರೆ ಬಾಯಿಪಾಠ ಮಾಡ್ಕೊ."

ಆ ಪ್ಯಾರಾ ನಾನು ಓದಿಲ್ಲ, ಕಟ್ಟಿಯೂ ಇಲ್ಲ. ಆದರೆ ಹೇಳಿದವಳು ಓದಿದವಳು, ಎದುರು ಮಾತಾಡುವಷ್ಟು ವಿದ್ಯೆ ನನಗಿಲ್ಲ. ಅಂಗಡಿಯಲ್ಲಿ ಜನ ಇಲ್ಲದಾಗ ಅದನ್ನೇ ಒಪ್ಪಿಸಿಕೊಳ್ಳುತ್ತ ಕೂತಿರುತ್ತೇನೆ. ಅಣ್ಣ ತಪ್ಪು ಬರೆದ ಎಂಬಲ್ಲಿಯವರೆಗೆ ಸಲೀಸಾಗಿ ಬರುತ್ತದೆ. ಕ್ಷಮಿಸಿದ ಎನ್ನುವಲ್ಲಿ ಮಾತ್ರ ಪ್ರತಿಸಲವೂ ತಡವರಿಸಿ ಫೇಲಾಗುತ್ತೇನೆ.