ಜೋಪಾನಯ್ಯ ಚಾರ್ಜರ್ ತಗೊಂಡದ್ದು

ಜೋಪಾನಯ್ಯನ ಆ ದಿನದ ಪಾಡಿಗೆಲ್ಲ ಕಾರಣ ಅವನ ಮನೆಯ ಮಿಕ್ಸಿ. ಅದು ಒಮ್ಮೆ ಶುರುವಾದರೆ ಬೀದಿಯ ನಾಯಿಗಳು ಬಾಲ ಮುದುರಿಕೊಂಡು ಪಕ್ಕದ ಬೀದಿಗೆ ಹೋಗುತ್ತವೆ. ಮಿಕ್ಸಿ ಹೇಗೆ ಕಾರಣವಾಯಿತು ಎಂಬುದು ಅವನಿಗೇ ತಿಳಿದದ್ದು ಸಂಜೆ. ಅಲ್ಲಿಯವರೆಗೆ ನೀವೂ ಸ್ವಲ್ಪ ತಾಳಿಕೊಳ್ಳಬೇಕು.

ಜೋಪಾನಯ್ಯ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಮೆಟ್ಟಿಲು ಇಳಿಯುವವರಿಗೆ ‘ಜೋಪಾನ’, ಕಾಫಿ ಕುಡಿಯುವವರಿಗೆ ‘ಜೋಪಾನ’, ಕೊನೆಗೆ ಮಲಗಲು ಹೊರಟವರಿಗೂ ‘ಜೋಪಾನ’ ಎಂದು ಹೇಳಿ ಹೇಳಿ ಸಂಪಾದಿಸಿಕೊಂಡದ್ದು. ಕೆಲಸ ಬಸ್ ನಿಲ್ದಾಣದ ಕಚೇರಿಯಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನುಗಳ ವಿಭಾಗದಲ್ಲಿ. ಕೊಡೆ, ಬಟ್ಟೆಚೀಲ, ಊಟದ ಡಬ್ಬಿ, ಒಂಟಿ ಚಪ್ಪಲಿ, ಯಾರೋ ನಗುನಗುತ್ತಾ ಬಿಟ್ಟುಹೋದ ಹಲ್ಲಿನ ಸೆಟ್ಟು, ಇವುಗಳ ನಡುವೆ ಕಾಲು ಅಲ್ಲಾಡುವ ಒಂದು ಸ್ಟೂಲಿನ ಮೇಲೆ ಅವನ ಜೀವನ ಸಾಗಿತ್ತು. ವಿಭಾಗದ ಮುಖ್ಯಸ್ಥರು ನಿವೃತ್ತರಾದ ಮೇಲೆ ಅವರ ತಿರುಗುವ ಕುರ್ಚಿ ಖಾಲಿ ಬಿದ್ದಿತ್ತು. ಆ ಕುರ್ಚಿಯ ಮೇಲೆ ಜೋಪಾನಯ್ಯನಿಗೆ ಎಷ್ಟು ಆಸೆಯೆಂದರೆ, ಯಾರೂ ಇಲ್ಲದಾಗ ಅದರ ಧೂಳು ಒರೆಸಿ ಒಂದು ಸುತ್ತು ತಿರುಗಿಸಿ ನೋಡುತ್ತಿದ್ದ. ಕೂರಲು ಮಾತ್ರ ಧೈರ್ಯ ಬರುತ್ತಿರಲಿಲ್ಲ.

ಅದೇ ಕುರ್ಚಿಯ ಮೇಲೆ ಸಹೋದ್ಯೋಗಿ ಸರಸರನಿಗೂ ಕಣ್ಣು. ಸರಸರನ ಸ್ವಭಾವವೇ ಬೇರೆ. ಹೇಳಿದ ಕೆಲಸವನ್ನು ಮೊದಲು ಮಾಡಿ ಮುಗಿಸಿ, ಆಮೇಲೆ ‘ಏನಂದ್ರಿ?’ ಎಂದು ಕೇಳುವ ಜಾತಿ.

ಆ ಬೆಳಿಗ್ಗೆ ಜೋಪಾನಯ್ಯ ಗಡ್ಡಕ್ಕೆ ಸೋಪು ಬಳಿದುಕೊಂಡು ನಿಂತಿದ್ದಾಗ ಕಚೇರಿಯ ಸಾಹೇಬರ ಫೋನು ಬಂತು. ಸರಿಯಾಗಿ ಅದೇ ಗಳಿಗೆಗೆ ಅಡುಗೆಮನೆಯಲ್ಲಿ ಹೆಂಡತಿ ಮಿಕ್ಸಿ ಒತ್ತಿದಳು.

“ನೋಡಯ್ಯಾ, ಯೋಚನೆ ಮಾಡಿದೀನಿ,” ಎಂದು ಸಾಹೇಬರು ಆ ಗದ್ದಲದ ಮೇಲೆ ಕೂಗಿದರು. “ನಿನ್ನಷ್ಟು ಹುಷಾರಿನ ಮನುಷ್ಯ ನಮ್ಮಲ್ಲಿ ಇನ್ನೊಬ್ಬ ಇಲ್ಲ. ಇವತ್ತೇ ಚಾರ್ಜರ್ ತಗೊಂಬಿಡು. ನಾಳೆಯಿಂದ ನಾನು ರಜೆ. ಆಫೀಸ್ ಮುಚ್ಚೋದ್ರೊಳಗೆ ಆಗ್ಬೇಕು.”

“ಆಗ್ಲಿ ಸಾರ್! ಜೋಪಾನವಾಗಿ ತಗೋತೀನಿ ಸಾರ್!”

“ತಗೋ ತಗೋ. ಬೇಗ ಬಾ.”

ಜೋಪಾನಯ್ಯನಿಗೆ ಎಲ್ಲ ಅರ್ಥವಾಯಿತು. ಹಿಂದಿನ ದಿನವಷ್ಟೇ ವಿಭಾಗದ ಗೋಡೆ ಗಡಿಯಾರ ಮತ್ತೆ ನಿಂತಿತ್ತು. ಟಾರ್ಚೂ ಉರಿದಿರಲಿಲ್ಲ. “ಎಷ್ಟು ಸಲ ಸೆಲ್ಲು ಎಸೆಯೋದ್ರಯ್ಯಾ? ಚಾರ್ಜ್ ಮಾಡೋ ಅಂಥದ್ದು ತಂದಿಡಿ” ಎಂದು ಸಾಹೇಬರು ರೇಗಿದ್ದರು.

“ಏನಂತೆ ರೀ?” ಎಂದು ಹೆಂಡತಿ ಮಿಕ್ಸಿ ನಿಲ್ಲಿಸಿ ಕೇಳಿದಳು.

“ಪರೀಕ್ಷೆ ಕಣೇ! ಸೇಫಾಗಿರೋ ಚಾರ್ಜರ್ ಆರಿಸಿ ತಂದ್ರೆ ಕುರ್ಚಿ ನಂದು. ಬಾಯಿಬಿಟ್ಟು ಹೇಳ್ಲಿಲ್ಲ, ದೊಡ್ಡೋರು ಹೇಳಲ್ಲ.”

“ಒಂದು ಚಾರ್ಜರಿಗೆ ಕುರ್ಚಿನಾ? ಹಾಗಾದ್ರೆ ಒಂದು ಹೊಸ ಮಿಕ್ಸಿನೂ ತನ್ನಿ, ಸಾಹೇಬರ ಕುರ್ಚಿನೇ ಸಿಗುತ್ತೆ.”

ಈ ಮಾತು ಮಹಡಿಯ ಮೇಲಿನ ಫ್ಯೂಸ್ ತಾತನ ಕಿವಿಗೆ ಬಿತ್ತು. ತಾತ ಹಿಂದೆ ಲೈನ್‌ಮನ್ ಆಗಿದ್ದವರು. ಈಗಲೂ ಜೇಬಿನಲ್ಲಿ ಸ್ಕ್ರೂಡ್ರೈವರ್ ಇಲ್ಲದೆ ಹೊರಗೆ ಕಾಲಿಡುವುದಿಲ್ಲ.

“ಚಾರ್ಜರ್ ತರೋಕೆ ಒಬ್ನೇ ಹೋಗ್ತೀಯೇನೋ? ನನ್ನ ಷಡ್ಡಕನ ಮನೇಲಿ ಏನಾಯ್ತು ಗೊತ್ತಾ? ಕಳಪೆ ಚಾರ್ಜರ್, ಅದರೊಳಗೆ ಮಾಮೂಲಿ ಸೆಲ್ಲು. ಢಮ್ ಅಂತು ನೋಡು! ಮಂಚದ ಮೇಲಿದ್ದ ಷಡ್ಡಕ ಬೀರು ಮೇಲಿದ್ದ.”

“ಅಯ್ಯಯ್ಯೋ! ಏಟಾಯ್ತಾ ತಾತ?”

“ಏಟೇನಿಲ್ಲ. ಇಳಿಸೋಕೆ ಏಣಿ ಸಿಗ್ಲಿಲ್ಲ, ಊಟ ಅಲ್ಲಿಗೇ ಕೊಟ್ವಿ.”

ಜೋಪಾನಯ್ಯನ ಕಣ್ಣ ಮುಂದೆ ವಿಭಾಗದ ಬಟ್ಟೆಚೀಲಗಳೆಲ್ಲ ಧಗಧಗ ಉರಿದುಹೋದವು. ತಾತನನ್ನು ಕರೆದುಕೊಂಡೇ ಎಲೆಕ್ಟ್ರಿಕ್ ಅಂಗಡಿಗೆ ಹೋದ.

ಅಂಗಡಿಯವನು ಗಾಜಿನ ಮೇಜಿನ ಮೇಲೆ ಚಾರ್ಜರುಗಳನ್ನು ಸಾಲಾಗಿ ಹರಡಿದ.

“ಇದು ಸೆಲ್ಲು ತುಂಬಿದ್ಮೇಲೆ ತಾನಾಗೇ ನಿಲ್ಲುತ್ತಾ?”

“ಇಲ್ಲ ಸಾರ್, ನೀವೇ ಕೀಳ್ಬೇಕು.”

“ಮರೆತುಹೋದ್ರೆ?”

“ಮರೀಬಾರ್ದು ಸಾರ್.”

ಇಡೀ ಊರು ಮರೆತ ಸಾಮಾನುಗಳ ನಡುವೆ ಬಾಳುವವನಿಗೆ ಹೇಳುವ ಮಾತೇ ಅದು? ಜೋಪಾನಯ್ಯ ಅದನ್ನು ಬದಿಗೆ ಸರಿಸಿದ. ಇನ್ನೊಂದರ ತೂಕ ನೋಡಿದ. ಮತ್ತೊಂದನ್ನು ಮೂಸಿದ. ಹೆಂಡತಿಯನ್ನು ಒಂದು ಮಾತು ಕೇಳೋಣವೆಂದು ಫೋನು ತೆಗೆದರೆ, ಅದು ಒಮ್ಮೆ ಕುಂಯ್ ಎಂದು ಕಣ್ಣು ಮುಚ್ಚಿತು. ಚಾರ್ಜಿಗೆ ಹಾಕಿದ್ದನ್ನು ಕಾವಲಿಲ್ಲದೆ ಬಿಡಬಾರದು ಎಂಬುದು ಅವನ ನಿಯಮ. ಕಚೇರಿಯಲ್ಲಿ ಎಲ್ಲರಿಗೂ ಅದನ್ನೇ ಉಪದೇಶಿಸುತ್ತಿದ್ದ. ಹಿಂದಿನ ರಾತ್ರಿ ಫೋನಿಗೆ ಕಾವಲು ಕೂರಲು ನಿದ್ದೆ ಬಿಟ್ಟಿರಲಿಲ್ಲ, ಹಾಗಾಗಿ ಅದನ್ನು ಚಾರ್ಜಿಗೇ ಹಾಕಿರಲಿಲ್ಲ.

“ಬಾಯಿಮಾತು ಸಾಕು,” ಎಂದರು ಫ್ಯೂಸ್ ತಾತ. “ಎಲ್ಲಾನೂ ಒಟ್ಟಿಗೆ ಹಾಕು. ಯಾವುದು ಮೊದ್ಲು ಬಿಸಿಯಾಗುತ್ತೋ ಅದು ಬೇಡ.”

ಎಲ್ಲವನ್ನೂ ಹಾಕಿದರು. ಯಾವುದೂ ಬಿಸಿಯಾಗಲಿಲ್ಲ. ತಾತನಿಗೆ ಅನುಮಾನ ಬಂತು. “ಈ ಬೋರ್ಡೇ ಸರಿಯಿಲ್ಲ ಕಣಯ್ಯ,” ಎಂದು, ಅಂಗಡಿಯವನು “ತಾತ, ತಾತ” ಎನ್ನುವಷ್ಟರಲ್ಲಿ ಸ್ಕ್ರೂಡ್ರೈವರನ್ನು ಬೋರ್ಡಿನೊಳಗೆ ತೂರಿಸಿದರು.

ಚಟ್!

ಇಡೀ ಸಾಲಿನ ಅಂಗಡಿಗಳೆಲ್ಲ ಕತ್ತಲಾದವು. ಪಕ್ಕದ ಕ್ಷೌರದಂಗಡಿಯಿಂದ, ಅರ್ಧ ತಲೆಗೆ ಮಾತ್ರ ಮೆಷಿನ್ ಆಡಿಸಿಕೊಂಡಿದ್ದ ದಢೂತಿ ಗಿರಾಕಿಯೊಬ್ಬ ಬಿಳಿ ಬಟ್ಟೆ ಹೊದ್ದುಕೊಂಡೇ ಹೊರಗೆ ಬಂದ.

“ಯಾರ್ರೀ ಅದು ಕರೆಂಟ್ ತೆಗ್ದಿದ್ದು? ಮಧ್ಯಾಹ್ನ ಹೆಣ್ಣು ನೋಡೋಕೆ ಹೋಗ್ಬೇಕು ನಾನು!”

ತಾತ ನಿಧಾನವಾಗಿ ಜೋಪಾನಯ್ಯನ ಕಡೆ ಬೆರಳು ತೋರಿಸಿದರು. ಆ ಗಿರಾಕಿ ಜೋಪಾನಯ್ಯನ ಅಂಗಿಯ ಕೊರಳು ಹಿಡಿದವನು ಕರೆಂಟು ಬರುವವರೆಗೂ ಬಿಡಲಿಲ್ಲ. ಕರೆಂಟು ಬರುವುದು ತಾತನ ಕೈಯಲ್ಲಿತ್ತು. ಫ್ಯೂಸು ಕಟ್ಟುವುದರಲ್ಲಿ ಅವಸರ ಕೂಡದು ಎಂಬುದು ತಾತನ ಸಿದ್ಧಾಂತ. ಬೆಳಗು ಮಧ್ಯಾಹ್ನವಾಯಿತು. ಮಧ್ಯಾಹ್ನವೂ ಇಳಿಯಿತು.

ಕೊನೆಗೂ ದೀಪ ಬಂದಾಗ, ಇವರನ್ನು ಸಾಗಹಾಕಿದರೆ ಸಾಕೆಂದು ಅಂಗಡಿಯವನು ಅಟ್ಟದ ಮೇಲಿಂದ ಒಂದು ಪೆಟ್ಟಿಗೆ ಇಳಿಸಿದ. “ಇದನ್ನ ತಗೊಂಡ್ಹೋಗಿ ಸಾರ್. ಒಂದೊಂದು ಸೆಲ್ಲಿಗೂ ಒಂದೊಂದು ದೀಪ. ಕೆಂಪು ಅಂದ್ರೆ ತುಂಬ್ತಾ ಇದೆ, ಹಸಿರು ಅಂದ್ರೆ ತುಂಬ್ತು, ತಾನಾಗೇ ನಿಲ್ಲುತ್ತೆ. ಬಿಸಿಯಾದ್ರೂ ನಿಲ್ಲುತ್ತೆ. ಯೋಗ್ಯತೆ ಇಲ್ಲದ ಸೆಲ್ಲು ಹಾಕಿದ್ರೆ ಒಪ್ಪೋದೇ ಇಲ್ಲ. ಇದಕ್ಕೆ ಹೊಂದೋ ಸೆಲ್ಲೂ ಕೊಡ್ತೀನಿ. ದಮ್ಮಯ್ಯ, ಹೊರಡಿ.”

ಜೋಪಾನಯ್ಯನಿಗೆ ಕಣ್ಣು ತುಂಬಿ ಬಂತು. ತನ್ನಂಥದೇ ಒಂದು ಜೀವ ಚಾರ್ಜರಿನ ರೂಪದಲ್ಲಿ ಹುಟ್ಟಿದೆ ಎನಿಸಿತು. ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಕಚೇರಿಗೆ ಓಡಿದ.

ಸಾಹೇಬರು ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲೇ ನಿಂತಿದ್ದರು.

“ಎಲ್ಲಿ ಹಾಳಾಗಿ ಹೋಗಿದ್ದೆಯಯ್ಯಾ? ಬೆಳಿಗ್ಗೆಯಿಂದ ಫೋನ್ ಮಾಡಿ ಮಾಡಿ ಬೆರಳು ಸವೀತು!”

“ನೀವು ಹೇಳಿದ ಕೆಲಸಕ್ಕೇ ಸಾರ್.” ಜೋಪಾನಯ್ಯ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದ. “ಚಾರ್ಜರ್ ತಗೊಂಡೆ ಸಾರ್! ಊರಲ್ಲೇ ಇದಕ್ಕಿಂತ ಸೇಫ್ ಇನ್ನೊಂದಿಲ್ಲ.”

ಸಾಹೇಬರು ಪೆಟ್ಟಿಗೆ ನೋಡಿದರು. ಅವನ ಮುಖ ನೋಡಿದರು. ಮತ್ತೆ ಪೆಟ್ಟಿಗೆ ನೋಡಿದರು.

“ಅಯ್ಯೋ ಪುಣ್ಯಾತ್ಮ! ಚಾರ್ಜ್ ತಗೋ ಅಂದೆ ಕಣಯ್ಯಾ! ಚಾರ್ಜ್! ವಿಭಾಗದ ಚಾರ್ಜು! ಬಂದು ರುಜು ಹಾಕಿ, ಬೀಗದ ಕೈ ಇಸ್ಕೊಂಡು, ಕುರ್ಚೀಲಿ ಕೂತ್ಕೋ ಅಂತ!”

ಜೋಪಾನಯ್ಯನ ಕಿವಿಯೊಳಗೆ ಬೆಳಗಿನ ಮಿಕ್ಸಿ ಮತ್ತೆ ಮೊರೆಯಿತು: ರ್‌ರ್‌ರ್‌ರ್. ಸಾಹೇಬರು ಹೇಳಿದ್ದು ಚಾರ್ಜ್. ಕೊನೆಯ ‘ರ್’ ಮಿಕ್ಸಿಯದು.

“ಈಗ ತಗೋತೀನಿ ಸಾರ್,” ಎಂದ, ಅಳುವ ದನಿಯಲ್ಲಿ.

“ಈಗೇನು ತಗೋತೀಯ? ನೀನು ಬರೋ ಲಕ್ಷಣ ಕಾಣ್ಲಿಲ್ಲ, ಸರಸರನನ್ನ ಕೂಗ್ದೆ. ರುಜು ಹಾಕಿ ಆದ್ಮೇಲೆ ‘ಏನು ಸಾರ್ ಇದು?’ ಅಂದ.” ಸಾಹೇಬರು ತಲೆ ಅಲ್ಲಾಡಿಸುತ್ತಾ ರಜೆಗೆ ಹೊರಟುಹೋದರು.

ಒಳಗೆ ಸರಸರ ತಿರುಗುವ ಕುರ್ಚಿಯಲ್ಲಿ ಕೂತು ಒಂದು ಪೂರ್ತಿ ಸುತ್ತು ತಿರುಗಿದ. “ಬೇಜಾರ್ ಮಾಡ್ಕೋಬೇಡಿ ಗುರುವೇ. ಇಷ್ಟು ಚೆನ್ನಾಗಿರೋ ಚಾರ್ಜರ್ ತಂದಿದೀರ, ಹಾಕಿ ನೋಡೋಣ.”

ಜೋಪಾನಯ್ಯ ಬಟ್ಟೆಚೀಲಗಳಿಂದ ದೂರ, ಕಲ್ಲಿನ ಕಟ್ಟೆಯ ಮೇಲೆ ಚಾರ್ಜರ್ ಇಟ್ಟು ಸೆಲ್ಲು ಹಾಕಿದ. ಕೆಂಪು ದೀಪಗಳು ಹತ್ತಿಕೊಂಡವು. ಆ ದುಃಖದಲ್ಲೂ ಅವನಿಗೆ ಸ್ವಲ್ಪ ಹೆಮ್ಮೆಯಾಯಿತು.

“ಹಸಿರಾಗೋಕೆ ಎಷ್ಟೊತ್ತು ಬೇಕು?” ಎಂದು ಸರಸರ ಬ್ಯಾಗು ಎತ್ತಿಕೊಳ್ಳುತ್ತಾ ಕೇಳಿದ.

“ಕತ್ತಲಾಗುತ್ತೆ. ಕಿತ್ತಿಟ್ಟು ನಾಳೆ ಹಾಕೋಣ.”

“ಬೇಡ ಬೇಡ, ಗಡಿಯಾರ ನಾಳೆ ಬೆಳಿಗ್ಗೆ ಓಡ್ತಿರ್ಬೇಕು. ನಾನು ಚಾರ್ಜ್ ತಗೊಂಡ ಮೊದಲನೇ ದಿನ ನೋಡಿ. ಚಾರ್ಜಿಗೆ ಹಾಕಿದ್ದನ್ನ ಕಾವಲಿಲ್ಲದೆ ಬಿಡ್ಬಾರ್ದು ಅಂತ ನಮಗೆಲ್ಲ ಕಲಿಸಿದೋರೇ ನೀವು, ಅಲ್ವಾ?”

ಜೋಪಾನಯ್ಯ ತನ್ನ ಸ್ಟೂಲಿನ ಮೇಲೆ ಕೂತ. ಸ್ಟೂಲು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಅಲ್ಲಾಡಿತು.

ಸರಸರ ಬಾಗಿಲ ಬಳಿ ನಿಂತು, ಬೀಗದ ಕೈ ಗೊಂಚಲನ್ನು ಬೆರಳಿನಲ್ಲಿ ತಿರುಗಿಸುತ್ತಾ, ಬಹಳ ಪ್ರೀತಿಯಿಂದ ಹೇಳಿದ:

“ಜೋಪಾನ!”