ತಗ್ಗಿದ ಕಾರು, ತಗ್ಗದ ಕೋಪ

ಗೇಟಿನ ಹೊರಗಿನ ರಸ್ತೆ ಉಬ್ಬನ್ನು ಕಾರು ಹತ್ತುತ್ತಿದ್ದಾಗಲೇ ಹೆಂಡತಿ ಮಾತಿಗೆ ಬಾಯಿ ತೆರೆದದ್ದು ಆ ದಿನದ ಅಷ್ಟೂ ರಾಮಾಯಣಕ್ಕೆ ಮೂಲವಾಯಿತು.

"ರೀ, ಇವತ್ತು ಸಂಜೆ ಅಪ್ಪನ್ನ ಆಸ್ಪತ್ರೆಯಿಂದ ಮನೆಗೆ ಕಳ್ಸ್ತಾರಂತೆ, ನಮ್ಮ ಕಾರಲ್ಲೇ ಕರ್ಕೊಂಡು—"

ದಡಕ್!

ಹೆಂಡತಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಕಣ್ಣಲ್ಲಿ ನೀರು. ನಾಲಗೆ ಹಲ್ಲಿಗೆ ಸಿಕ್ಕಿತ್ತು.

"ನೋಡ್ಕೊಂಡು ಮಾತಾಡಬಾರದಾ?" ಎಂದು ಕಾರು ಓಡಿಸುತ್ತಿದ್ದ ಗಂಡ ಸಿಡುಕಿದ.

ಸಿಡುಕುವುದು ಅವನಿಗೆ ಉಸಿರಾಡಿದಷ್ಟು ಸಲೀಸು. ವಿಮಾ ಕಚೇರಿಯಲ್ಲಿ ಹಿರಿಯ ಗುಮಾಸ್ತ. ಅಲ್ಲಿ ಎಲ್ಲರೂ ಬೆನ್ನ ಹಿಂದೆ ಅವನನ್ನು ಸಿಡುಕಪ್ಪ ಎಂದೇ ಕರೆಯುತ್ತಿದ್ದರು. ಎದುರಿಗೆ ಕರೆಯುವ ಗುಂಡಿಗೆ ಯಾರಿಗೂ ಇರಲಿಲ್ಲ. ಫ್ಯಾನು ಕಿರ್ರೆಂದರೆ ಸಿಡುಕುತ್ತಿದ್ದ, ರಿಪೇರಿಯಾಗಿ ಸದ್ದು ನಿಂತರೆ ಗಾಳಿ ಸಾಲದೆಂದು ಸಿಡುಕುತ್ತಿದ್ದ.

ಆದರೆ ಆ ದಿನ ಕೋಪಿಸಿಕೊಳ್ಳುವ ಹಕ್ಕು ಹೆಂಡತಿಯದಾಗಿತ್ತು. ನಾಲಗೆ ಊದಿ ಮಾತು ತೊದಲುತ್ತಿದ್ದರೂ ಅರ್ಥ ಮಾತ್ರ ನಿಚ್ಚಳವಾಗಿತ್ತು.

"ಅಪ್ಪನಿಗೆ ಸೊಂಟದ ಕೀಲೇ ಬದಲಾಯಿಸಿದಾರೆ. ಜೋಪಾನವಾಗಿ ಕರ್ಕೊಂಡು ಹೋಗಿ ಅಂದಿದಾರೆ. ಈ ಗಾಡಿಯಲ್ಲಿ ಕೂರಿಸಿದ್ರೆ ಮನೆಗೆ ಅಪ್ಪ ಬರಲ್ಲ, ಅಪ್ಪನ ಪುಡಿ ಬರತ್ತೆ!"

"ಬಾಡಿಗೆ ಕಾರು ತರ್ತೀನಿ ಬಿಡು."

"ಬಾಗಿಲಲ್ಲಿ ಇಷ್ಟು ದೊಡ್ಡ ಕಾರು ನಿಲ್ಲಿಸ್ಕೊಂಡು ಬಾಡಿಗೆ ಕಾರಾ? ನಮ್ಮಣ್ಣ ಜನ್ಮಪೂರ್ತಿ ಆಡ್ಕೊಂಡು ನಗ್ತಾನೆ. ಸಂಜೆಯೊಳಗೆ ಇದನ್ನ ಸರಿ ಮಾಡ್ಸಿ. ಇಲ್ಲ ಅಂದ್ರೆ ಅಪ್ಪನ ಜೊತೆ ನಾನೂ ಅಣ್ಣನ ಮನೆಗೆ ಹೋಗ್ತೀನಿ!"

ಕಾರು ಹುಟ್ಟಿನಿಂದ ಹೀಗಿರಲಿಲ್ಲ. ಎತ್ತರದ, ಗಟ್ಟಿಮುಟ್ಟಾದ ಎಸ್‌ಯುವಿ. ಅದರ ಗ್ರಹಚಾರ ಕೆಟ್ಟದ್ದು ಪಕ್ಕದ ಮೇಜಿನ ಶೋಕಿಲಾಲನ ಕಣ್ಣಿಗೆ ಬಿದ್ದಾಗ. ಕಚೇರಿಯೊಳಗೂ ಕಪ್ಪು ಕನ್ನಡಕ ತೆಗೆಯದ ಆಸಾಮಿಗೆ ಆ ಹೆಸರು ಬಿಟ್ಟು ಬೇರೆ ಹೆಸರೇ ಇರಲಿಲ್ಲ. "ಏನ್ಸಾರ್ ಇದು, ಒಂಟೆ ನಿಂತ ಹಾಗೆ ನಿಂತಿದೆ! ಸ್ವಲ್ಪ ತಗ್ಗಿಸಿ ನೋಡಿ, ಚಿರತೆ ಮಲಗಿದ ಹಾಗೆ ಕಾಣತ್ತೆ" ಎಂದ. ಯಾವುದೋ ಗ್ಯಾರೇಜಿಗೆ ಕರೆದೊಯ್ದು ಸ್ಪ್ರಿಂಗು ಕತ್ತರಿಸಿ, ಬಳೆಯಷ್ಟು ತೆಳ್ಳನೆಯ ಟೈರು ಹಾಕಿಸಿದ. ಕಾರು ಚಿರತೆಯಂತೆಯೇ ಕಂಡಿತು, ನಿಜ. ಆದರೆ ಅಂದಿನಿಂದ ರಸ್ತೆಯ ಮೇಲೆ ನಾಣ್ಯ ಬಿದ್ದಿದ್ದರೆ ಅದರ ಯಾವ ಮುಖ ಮೇಲಿದೆ ಎನ್ನುವುದು ಒಳಗೆ ಕೂತವರ ಬೆನ್ನುಮೂಳೆಗೆ ತಿಳಿಯುತ್ತಿತ್ತು.

ಹೆಂಡತಿಯನ್ನು ಆಸ್ಪತ್ರೆಗೆ ಬಿಟ್ಟು ಕಚೇರಿಗೆ ಬಂದವನೇ ಶೋಕಿಲಾಲನ ಮೇಜಿಗೆ ಗುದ್ದಿದ. ಪೆನ್ನುಗಳು ಹಾರಿದವು.

"ನಿನ್ನ ಚಿರತೆಗೆ ಬೆಂಕಿ ಬೀಳಾ!"

ಶೋಕಿಲಾಲ ಕಥೆ ಕೇಳಿ, ಒಂದಿಷ್ಟೂ ವಿಚಲಿತನಾಗದೆ ಹೇಳಿದ. "ಅಷ್ಟೇನಾ? ನನಗೆ ಗೊತ್ತಿರೋ ಒಬ್ಬ ಇದಾನೆ ಸಾರ್."

"ನಿನಗೆ ಗೊತ್ತಿರೋ ಒಬ್ಬನಿಂದಲೇ ಈ ಗತಿ ಬಂದಿರೋದು!"

"ಇವನು ಬೇರೆ ಒಬ್ಬ ಸಾರ್."

ಬೇರೆ ದಾರಿಯಿರಲಿಲ್ಲ. ಇಬ್ಬರೂ ರಜೆ ಹಾಕಿ ಹೊರಟರು.

ಗ್ಯಾರೇಜಿನ ಮೇಸ್ತ್ರಿ ಕಾರಿನ ಕೆಳಗೆ ಟಾರ್ಚು ಬಿಟ್ಟು ನೋಡಿ, ಸಾವಿನ ಮನೆಗೆ ಬಂದವನಂತೆ ಲೊಚಗುಟ್ಟಿದ.

"ಯಾವ ಮಹಾನುಭಾವ ಮಾಡಿದ್ದು ಇದು? ಸೌತೆಕಾಯಿ ಹೆಚ್ಚಿದ ಹಾಗೆ ಸ್ಪ್ರಿಂಗು ಹೆಚ್ಚಿದಾನೆ!"

ಶೋಕಿಲಾಲ ಗ್ಯಾರೇಜಿನ ಚಾವಣಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ಹಾಗಾದ್ರೆ ಮೊದಲಿನ ಹಾಗೇ ಎತ್ತರ ಮಾಡಿಬಿಡಿ" ಎಂದ ಸಿಡುಕಪ್ಪ.

"ಕಂಪನಿ ಸ್ಪ್ರಿಂಗು ತರಿಸೋಕೆ ವಾರ ಹಿಡಿಯತ್ತೆ. ತಗ್ಗಿಸಿದ ಗಾಡಿಗೆ ಅಂತಲೇ ಮಾಡಿದ ಸ್ಪ್ರಿಂಗು ಈಗಲೇ ಇದೆ. ಗಾಡಿ ಇಷ್ಟೇ ತಗ್ಗಲ್ಲಿರತ್ತೆ, ಆದ್ರೆ ಬೆಣ್ಣೆ ಹಾಗೆ ಹೋಗತ್ತೆ."

"ನನಗೆ ಬೆಣ್ಣೆನೇ ಬೇಕು. ಹಾಕಿ!"

ಸ್ಪ್ರಿಂಗು ಹಾಕಿದ್ದಾಯಿತು. ಪರೀಕ್ಷೆ ಮಾಡಬೇಕಲ್ಲ? ಮೇಸ್ತ್ರಿ ಹಿಂದಿನ ಬಾಗಿಲು ತೆರೆದು ನಿಂತ. "ಪೇಷೆಂಟ್ ಎಲ್ಲಿರ್ತಾರೆ? ಹಿಂದೆ. ಮತ್ತೆ ನೀವು ಮುಂದೆ ಕೂತ್ರೆ ಅವರ ಕಷ್ಟ ನಿಮಗೆ ಹೇಗ್ ಗೊತ್ತಾಗ್ಬೇಕು? ಮಲಗಿ."

ಹಲ್ಲು ಕಡಿಯುತ್ತಾ ಅವನು ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿದ. ಗ್ಯಾರೇಜಿನ ಹಿಂದಿನ ಗುಂಡಿಬಿದ್ದ ರಸ್ತೆಯಲ್ಲಿ ಕಾರು ಹೊರಟಿತು. ದಡಕ್ ಎನ್ನಲಿಲ್ಲ. ಆದರೆ ಮೊದಲ ಗುಂಡಿಗೆ ಇಳಿದದ್ದು ಎದ್ದಿತು, ಎದ್ದದ್ದು ಮತ್ತೆ ಇಳಿಯಿತು, ಗುಂಡಿ ದಾಟಿ ಬೀದಿ ತಿರುಗಿದ ಮೇಲೂ ಚುನಾವಣೆಗೆ ನಿಂತವನಂತೆ ಕಂಡಕಂಡವರಿಗೆಲ್ಲ ನಮಸ್ಕಾರ ಹಾಕುತ್ತಲೇ ಹೋಯಿತು. ಅವನು ಉರುಳಿ ಎರಡು ಸೀಟುಗಳ ನಡುವೆ ಸಿಕ್ಕಿಕೊಂಡ.

"ಎಳೀರೋ ನನ್ನ!"

ಮೇಸ್ತ್ರಿ ಎಳೆದು ಕೂರಿಸಿ, "ಅದೇ ಅಂದ್ಕೊಂಡೆ. ಸ್ಪ್ರಿಂಗಿನ ಕೆಲಸ ಕುಣಿಯೋದು. ಅದನ್ನ ಹಿಡಿದು ನಿಲ್ಲಿಸೋದು ಶಾಕ್ ಅಬ್ಸಾರ್ಬರು. ನಿಮ್ಮದು ಸತ್ತುಹೋಗಿದೆ" ಎಂದ.

"ಮೊದಲೇ ಹೇಳೋಕೆ ಏನಾಗಿತ್ರೀ ನಿಮಗೆ?"

"ನೀವು ಸ್ಪ್ರಿಂಗು ಹಾಕಿ ಅಂದ್ರಿ, ಹಾಕಿದೆ. ಕೂಗಾಡ್ಬೇಡಿ, ಹೊಸದು ಹಾಕ್ತೀನಿ."

ಹೊಸ ಶಾಕ್ ಅಬ್ಸಾರ್ಬರು ಬಂತು. ಅವನು ಮತ್ತೆ ಮಲಗಿದ. ಈ ಸಲ ಕುಣಿತ ನಿಂತಿತ್ತು, ಆದರೆ ದೊಡ್ಡ ಗುಂಡಿಗೆ ಇಳಿದಾಗ ಕೆಳಗಿನಿಂದ ಯಾರೋ ಸುತ್ತಿಗೆಯಿಂದ ಸೊಂಟಕ್ಕೆ ಹೊಡೆದಂತಾಯಿತು. ತಳ ತಾಕದಿರಲೆಂದು ಇರುವ ರಬ್ಬರಿನ ತುಂಡು ತಗ್ಗಿಸಿದ ಗಾಡಿಗೆ ಉದ್ದವಾಯಿತಂತೆ. ಗಿಡ್ಡನೆಯ ಮೆತ್ತನೆಯದನ್ನು ಹಾಕಿದರು. ಮತ್ತೆ ಮಲಗು, ಮತ್ತೆ ಗುಂಡಿ. ಈಗ ಸಣ್ಣ ಸಣ್ಣ ಕಲ್ಲುಗಳು ಬೆನ್ನ ಮೇಲೆ ಬೆರಳಚ್ಚು ಮಾಡತೊಡಗಿದವು.

"ಟೈರು ತೆಳು ಸಾರ್" ಎಂದ ಶೋಕಿಲಾಲ, ಅದನ್ನು ಬೇರೆ ಯಾರೋ ಹಾಕಿಸಿದ್ದರೇನೋ ಎಂಬಂತೆ.

ಅಷ್ಟು ಹೊತ್ತಿಗೆ ಗ್ಯಾರೇಜಿನ ಮುಂದೆ ಪುಕ್ಕಟೆ ಸಲಹೆಗಾರರ ಗುಂಪು ಸೇರಿತ್ತು. ಸೀಟು ಹೊಲಿಯುವ ಅಂಗಡಿಯಾಕೆ, "ನಾಲ್ಕು ದಿಂಬು ಹಾಕಿದ್ರೆ ಮುಗೀತಿತ್ತು" ಎಂದಳು. ಕೈಚೀಲ ಹಿಡಿದ ಹಿರಿಯರೊಬ್ಬರು, "ನಿಧಾನವಾಗಿ ಓಡ್ಸಿದ್ರೆ ಆಯ್ತಪ್ಪ, ನಾವೆಲ್ಲ ಓಡ್ಸಲ್ವಾ?" ಎಂದರು.

"ನಿಮ್ಮದು ಯಾವ ಕಾರು?" ಎಂದು ಅವನು ಗುಡುಗಿದ.

"ನನ್ನ ಹತ್ರ ಕಾರಿಲ್ಲ."

ಅವನು ಕೈಗೆ ಸಿಕ್ಕ ಸ್ಪ್ಯಾನರ್ ಎತ್ತಿದ. ಹಿರಿಯರು ಆ ವಯಸ್ಸಿನಲ್ಲಿ ಓಡಿದ ವೇಗಕ್ಕೆ ಕಾರಿನ ಅಗತ್ಯವೇ ಇರಲಿಲ್ಲ.

ಫೋನು ಹೊಡೆದುಕೊಂಡಿತು. "ಅಪ್ಪ ಬಟ್ಟೆ ಹಾಕ್ಕೊಂಡು ರೆಡಿಯಾಗಿ ಕೂತಿದಾರೆ. ಅಣ್ಣನಿಗೆ ಫೋನ್ ಮಾಡ್ಲಾ?"

"ಮಾಡಿದ್ರೆ ನೋಡು!"

ದಪ್ಪ ಟೈರು ಹಾಕಿದರು. ಕೊನೆಯ ಬಾರಿ ಅವನು ಮೈಕೈ ನೋವಿನಿಂದ ನರಳುತ್ತಾ ಮಲಗಿದ. ಕಾರು ಹೊರಟಿತು. ಗುಂಡಿ ಯಾವಾಗ ಬರುತ್ತದೆ ಎಂದು ಕಣ್ಣು ಬಿಗಿಯಾಗಿ ಮುಚ್ಚಿ ಕಾದ. ಬರಲೇ ಇಲ್ಲ. ಎದ್ದು ನೋಡಿದರೆ ಅಷ್ಟೂ ಗುಂಡಿಗಳು ಹಿಂದೆ ಉಳಿದಿದ್ದವು. ಅವನ ಮುಖದಲ್ಲಿ ನಗು ಮೂಡಿತು; ಅಭ್ಯಾಸವಿಲ್ಲದ್ದರಿಂದ ಹಲ್ಲುನೋವು ಬಂದವನಂತೆ ಕಂಡ.

ಶೋಕಿಲಾಲನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಸ್ಪತ್ರೆಯ ಬಾಗಿಲಿಗೆ ಕಾರು ತಂದು ನಿಲ್ಲಿಸಿದಾಗ ಅವನ ಗತ್ತೇ ಬೇರೆ. ಗಾಲಿಕುರ್ಚಿಯಲ್ಲಿ ಮಾವ, ಪಕ್ಕದಲ್ಲಿ ಹೆಂಡತಿ, ಹಿಂದೆ ದಪ್ಪ ದನಿಯ ನರ್ಸ್. ಅವನು ಬಾಗಿಲು ತೆರೆದು, "ಬನ್ನಿ ಮಾವ, ತೊಟ್ಟಿಲಲ್ಲಿ ಮಲಗಿದ ಹಾಗೆ ಹೋಗೋಣ" ಎಂದ.

ನರ್ಸ್ ಸೀಟು ನೋಡಿದಳು. "ಇದರಲ್ಲಿ ಆಗಲ್ಲ."

"ಯಾಕಾಗಲ್ಲ? ಒಂದು ಚೂರೂ ಕುಲುಕಲ್ಲ ಇದು!"

"ಕುಲುಕ್ಲಿ ಬಿಡ್ಲಿ, ಸೀಟು ತಗ್ಗಾಯ್ತು. ಹೊಸ ಕೀಲು ಹಾಕಿದವರು ಮಂಡಿಗಿಂತ ಸೊಂಟ ಕೆಳಗೆ ಹೋಗೋ ಹಾಗೆ ಕೂರೋ ಹಾಗಿಲ್ಲ, ಕೀಲು ಜಾರತ್ತೆ."

"ಕುಲುಕಬಾರದು ಅಂತ ನೀವೇ ಹೇಳಿದ್ರಂತಲ್ಲ!"

"ಯಾರು ಹೇಳಿದ್ದು? ಜೋಪಾನವಾಗಿ ಅಂದ್ವಿ. ಸ್ವಲ್ಪ ಕುಲುಕಿದ್ರೆ ಏನೂ ಆಗಲ್ಲ. ಎತ್ತರದ ಗಾಡಿ ಇದ್ರೆ ಸಾಕು."

ಅವನು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. ಅವಳು ಊದಿದ ನಾಲಗೆಯನ್ನು ಹೊರಚಾಚಿ ತೋರಿಸಿದಳು.

ಮಾವ ಕಾರನ್ನು ಮೇಲಿನಿಂದ ಕೆಳಗೆ ನೋಡಿದರು. "ಮೊದಲು ಕುರ್ಚಿ ಮೇಲೆ ಕೂತ ಹಾಗಿರ್ತಿತ್ತಲ್ಲ ಅಳಿಯಂದಿರೇ ಇದು? ಏನು, ಬತ್ತಿಹೋಯ್ತಾ?"

ಅಷ್ಟೇ. ಬೆಳಗಿನಿಂದ ಕುದಿಯುತ್ತಿದ್ದದ್ದೆಲ್ಲ ಉಕ್ಕಿತು. ಅವನು ಎರಡು ಹೆಜ್ಜೆ ಹಿಂದೆ ಸರಿದು, ಇದ್ದ ಶಕ್ತಿಯನ್ನೆಲ್ಲ ಸೇರಿಸಿ ಹೊಸ ಟೈರಿಗೆ ಒದ್ದ. ಒಳ್ಳೆಯ ಮೆತ್ತನೆಯ ಟೈರು. ಒದೆತವನ್ನು ಹಾಗೇ ವಾಪಸು ಕೊಟ್ಟಿತು. ದಿನವಿಡೀ ಗುಂಡಿಗಳ ಮೇಲೆ ಮಲಗಿ ಹಣ್ಣಾಗಿದ್ದ ಸೊಂಟದಲ್ಲಿ ಏನೋ ಕಟಕ್ ಎಂದಿತು. ಅವನು ಒಂಟಿ ಕಾಲಿನ ಮೇಲೆ, ಮೀನಿಗೆ ಕಾದ ಕೊಕ್ಕರೆಯಂತೆ ನಿಂತುಬಿಟ್ಟ.

ಡಾಕ್ಟರು ಬಂದರು, ಒತ್ತಿ ನೋಡಿದರು, ಇಂಜೆಕ್ಷನ್ ಚುಚ್ಚಿದರು. "ಬೆನ್ನು ಹಿಡ್ಕೊಂಡಿದೆ. ಮನೆಗೆ ಹೋಗಿ ಅಲುಗಾಡದೆ ಮಲಗ್ಬೇಕು. ಕೆಮ್ಮಬೇಡಿ, ಕೂಗಬೇಡಿ, ಮುಖ್ಯವಾಗಿ ಕೋಪ ಮಾಡ್ಕೋಬೇಡಿ. ಇವರನ್ನ ಮಲಗಿಸ್ಕೊಂಡೇ ಕರ್ಕೊಂಡು ಹೋಗಿ. ಗಾಡಿ ಮಾತ್ರ ಸ್ವಲ್ಪವೂ ಕುಲುಕಬಾರದು."

"ಅಂಥದ್ದೇ ಗಾಡಿ ಇದೆ ಡಾಕ್ಟ್ರೇ" ಎಂದಳು ಹೆಂಡತಿ.

ಮಾವ ಆಸ್ಪತ್ರೆಯ ಎತ್ತರದ ವ್ಯಾನಿನಲ್ಲಿ ಮಗಳ ಜೊತೆ ರಾಜನಂತೆ ಹೊರಟರು. ಅವನನ್ನು ಹಲಗೆಯಂತೆ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಕೀಲಿಕೈ ಶೋಕಿಲಾಲನ ಕೈ ಸೇರಿತು.

ಕಾರು ಹೊರಟದ್ದೇ ತಿಳಿಯಲಿಲ್ಲ. ಕಿಟಕಿಯಲ್ಲಿ ದೀಪದ ಕಂಬಗಳು ಸದ್ದಿಲ್ಲದೆ ಹಿಂದೆ ಸರಿಯುತ್ತಿದ್ದವು. ಇನ್ನೇನು ಮನೆ ಬಂತು, ಹಾಸಿಗೆ ಸಿಕ್ಕಿತು ಎಂದು ಅವನು ಕಣ್ಣು ಅರೆಮುಚ್ಚಿದ.

"ಆಹಾಹಾ, ಏನ್ ಸುಖ ಸಾರ್!" ಎಂದ ಶೋಕಿಲಾಲ. "ನಮ್ಮಮ್ಮ ಬೆಳಗ್ಗಿಂದ ಅಕ್ಕನ ಮನೆಗೆ ಹೋಗ್ಬೇಕು ಅಂತ ಹಟ ಹಿಡಿದಿದಾರೆ. ಊರಾಚೆ ಅಷ್ಟೇ. ನಿಮಗೂ ಮಲಗೋದೇ ತಾನೇ ಕೆಲಸ? ಒಂದು ಸುತ್ತು ಹೋಗಿ ಬಂದ್ಬಿಡೋಣ."

ಅವನು ಕೂಗಲು ಬಾಯಿ ತೆರೆದ. ಸೊಂಟ ಚಳಕ್ಕೆಂದಿತು. ತೆರೆದ ಬಾಯಿ ತೆರೆದೇ ಉಳಿಯಿತು. ಕಿಟಕಿಯಾಚೆ ಅವನ ಮನೆಯ ಮೇಲಿನ ನೀರಿನ ಟ್ಯಾಂಕು ಕಾಣಿಸಿಕೊಂಡು, ಒಂದಿಷ್ಟೂ ಕುಲುಕದೆ, ಬೆಣ್ಣೆಯಂತೆ ಹಿಂದಕ್ಕೆ ಜಾರಿಹೋಯಿತು.